ಮಾಮಿಯ ಕಾರಿಗೆ ಹಚ್ಚಿದ ಗಂಧ

ಕಳೆದ ತಿಂಗಳು ಅಂಗಡಿಗೆ ಒಂದು ಮದುವೆ ಕಾಗದ ಬಂತು. ಈಗಿನ ಕಾಗದ ಅಂದರೆ ನಿಮಗೆ ಗೊತ್ತಲ್ಲ, ಹೊರಗೆ ಮಖಮಲ್ಲು, ಒಳಗೆ ಬಾಗಿಲಿನ ಹಾಗೆ ತೆರೆಯುವ ರಟ್ಟು, ಎಲ್ಲಿಂದ ಬಿಚ್ಚುವುದು ಅಂತಲೇ ಹುಡುಕಬೇಕು. ನಾನು ಕಡಬ ಪೇಟೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು. ಮದುಮಗಳ ರವಕೆ ಹೊಲಿಸಿದ ಮನೆಯವರು ಕಾಗದ ಕೊಡದೆ ಹೋಗುವುದಿಲ್ಲ, ಹಾಗಾಗಿ ನನ್ನ ಮೇಜಿನ ಮೇಲೆ ವರ್ಷವಿಡೀ ಕಾಗದಗಳ ರಾಶಿ. ಆದರೆ ಕಾಗದ ಕೈಗೆ ಬಂದ ಕೂಡಲೇ ನಾನು ಹೆಸರು ಓದುವುದಿಲ್ಲ, ಮುಹೂರ್ತ ನೋಡುವುದಿಲ್ಲ. ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕಿ, ದಪ್ಪ ಎಷ್ಟುಂಟು ಅಂತ ನೋಡುತ್ತೇನೆ. ಅವತ್ತೂ ತಿಕ್ಕಿದೆ. "ಛೆ, ಪಾಯಿಂಟಿಗೆ ಆಗುದಿಲ್ಲ, ದಪ್ಪ ಆಯ್ತು" ಅಂತ ಬಾಯಿಂದ ಬಂದೇಬಿಟ್ಟಿತು.

ಕಾಗದ ಕೊಡಲು ಬಂದವರು ಕೆದಂಬಾಡಿಯ ಮಾವ. ನನ್ನ ಸ್ವಂತ ಮಾವ ಅಲ್ಲ, ಮಾಮಿಯ ಮೈದುನ. ಈಗ ತುಂಬಾ ವಯಸ್ಸಾಗಿದೆ. ನಾನು ಕೊಟ್ಟ ಸ್ಟೂಲಿನಲ್ಲಿ ಕೊಡೆ ಊರಿಕೊಂಡು ಕೂತಿದ್ದರು. ನನ್ನ ಮಾತು ಕೇಳಿ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ಅತ್ತಿಗೆ ಇದ್ದಿದ್ರೆ ಇದನ್ನೇ ಹೇಳ್ತಿದ್ರು" ಅಂದರು.

ಅವರು ಬಂದದ್ದು ಬರೀ ಕಾಗದ ಕೊಡಲಿಕ್ಕೆ ಅಲ್ಲ, ಇನ್ನೊಂದು ಕೆಲಸವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮಾಮಿಯ ವಿಷಯ ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗಲಿಕ್ಕಿಲ್ಲ.

ಮಾಮಿ ಅಂದರೆ ತುಳುವಿನಲ್ಲಿ ಅತ್ತೆ. ನನಗೆ ರಕ್ತ ಸಂಬಂಧ ಏನೂ ಇಲ್ಲ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಅವರ ಮನೆ, ಮನೆಗೆ ತಾಗಿ ಶೀಟಿನ ಶೆಡ್ಡು, ಶೆಡ್ಡಿನಲ್ಲಿ ಬಿಳಿ ಅಂಬಾಸಿಡರ್. ಬಿಳಿ ಎತ್ತಿಗೆ ನಮ್ಮಲ್ಲಿ ಬೊಳ್ಳ ಅಂತ ಹೆಸರಿಡುವುದುಂಟು, ಮಾಮಿ ಕಾರಿಗೂ ಅದೇ ಹೆಸರಿಟ್ಟಿದ್ದರು. ಗಂಡ ಬಾಡಿಗೆ ಓಡಿಸುತ್ತಿದ್ದ ಕಾರು. ಗಂಡ ತೀರಿಕೊಂಡ ಮೇಲೆ ಕಾರು ಮಾರುತ್ತಾರೆ ಅಂತ ಇಡೀ ಪೇಟೆ ಅಂದುಕೊಂಡಿತ್ತು. ಮಾಮಿ ಏನು ಮಾಡಿದರು ಗೊತ್ತುಂಟಾ? ಪುತ್ತೂರಿಗೆ ಹೋಗಿ ಲೈಸನ್ಸ್ ಮಾಡಿಸಿಕೊಂಡು ಬಂದು, ನನ್ನ ಅಂಗಡಿಗೆ ಖಾಕಿ ಬಟ್ಟೆ ತಂದು ಮೇಜಿನ ಮೇಲೆ ಹಾಕಿದರು. "ಸೀರೆಯ ಮೇಲೆ ಹಾಕುವ ಹಾಗೆ ಒಂದು ಅಂಗಿ ಹೊಲಿ. ಒಳಗೊಂದು ಸಣ್ಣ ಕಿಸೆ ಬೇಕು."

ಒಳಗಿನ ಕಿಸೆ ಯಾಕೆ ಅಂತ ಕೇಳಿದೆ. ದುಡ್ಡಿಗೆ ಇರಬೇಕು ಅಂದುಕೊಂಡಿದ್ದೆ. "ಮದುವೆ ಕಾಗದದ ತುಂಡು ಇಡ್ಲಿಕ್ಕೆ" ಅಂದರು. ಈ ಹೆಂಗಸಿಗೆ ತಲೆ ಸರಿ ಉಂಟಾ ಅಂತ ನನಗೆ ಅನಿಸಿದ್ದು ಸುಳ್ಳಲ್ಲ.

ನೆಟ್ಟಣ ಸ್ಟೇಷನ್ನಿಗೆ ರೈಲಿನ ಹೊತ್ತಿಗೆ ಹೋಗುವ ಬಾಡಿಗೆ ಮಾಮಿಯದ್ದು. ಒಬ್ಬರೇ ಬರುವ ಹೆಂಗಸರು, ಬಾಣಂತಿಯರು, ಆಸ್ಪತ್ರೆಗೆ ಹೋಗುವ ಅಜ್ಜಿಯಂದಿರು, ಎಲ್ಲರಿಗೂ ಮಾಮಿಯೇ ಬೇಕು. ಅವರ ಬಾಯಿ ಮಾತ್ರ ದೇವರೇ ಗತಿ! ಎದುರಿನ ಬಸ್ಸು ದಾರಿ ಕೊಡದಿದ್ದರೆ ಡ್ರೈವರನ ಅಜ್ಜನವರೆಗೆ ಹೋಗಿ ಬರುತ್ತಿದ್ದರು. ಹಿಂದೆ ಕೂತವರು ಕಿಟಕಿಯಿಂದ ಸಿಪ್ಪೆ ಎಸೆದರೆ ಗಾಡಿ ನಿಲ್ಲಿಸಿ ಹೆಕ್ಕಿಸುತ್ತಿದ್ದರು. ಕಾರಿನ ಹತ್ತಿರ ಮಾತ್ರ ಸ್ವರ ಬೇರೆ. ಕೀ ತಿರುಗಿಸುವ ಮೊದಲು "ಬಲ ಬೊಳ್ಳ, ಪೋಯಿ" ಅಂತ ತುಳುವಿನಲ್ಲಿ ಮೆಲ್ಲಗೆ ಕರೆಯುತ್ತಿದ್ದರು, ಬಾ ಬೊಳ್ಳ, ಹೋಗುವ ಅಂತ. ಇಂಜಿನ್ ಹಿಡಿದ ಮೇಲೆ ಒಂದು ಕೈ ಮೇಲೆತ್ತುತ್ತಿದ್ದರು. ಕೈ ಎತ್ತಿದರೆ ಯಾರೂ ಉಸಿರೆತ್ತಬಾರದು. ತಲೆ ಓರೆ ಮಾಡಿ ಇಂಜಿನ್ನಿನ ಸ್ವರ ಕೇಳಿ, ಅದು ಒಂದೇ ಸಮ ಆದ ಮೇಲೆ "ಹೂಂ" ಅನ್ನುವವರು. ಆ ಹೂಂ ಬಂದ ಮೇಲೆಯೇ ನಾವು ಕಾರು ಹತ್ತುವುದು. ಎಷ್ಟು ಅವಸರ ಇರಲಿ, ರೈಲು ತಪ್ಪಲಿ, ಹೂಂ ಬಾರದೆ ಗಾಡಿ ಹೊರಡುವುದಿಲ್ಲ.

ನಾನು ಅವರನ್ನು ನಿಜವಾಗಿ ನೋಡಿದ್ದು ಒಂದು ಮಳೆಗಾಲದಲ್ಲಿ. ಕೊಲ್ಲಮೊಗ್ರು ಕಡೆಯ ಒಂದು ಮದುವೆ ಮನೆಗೆ ಹೊಲಿದ ರವಕೆಗಳನ್ನು ಕೊಟ್ಟು ಇಬ್ಬರೂ ಹಿಂದೆ ಬರುತ್ತಿದ್ದೆವು. ದಾರಿಗೆ ಅಡ್ಡ ಹರಿಯುವ ತೋಡು ದಾಟುವಾಗ ನೀರು ಬಾನೆಟಿನವರೆಗೆ ಹಾರಿತು. ಆಚೆ ದಡ ಹತ್ತಿ ಸ್ವಲ್ಪ ಮುಂದೆ ಹೋಗುವುದರೊಳಗೆ ಕಾರು ಕೆಮ್ಮಿತು, ಎರಡು ಸಲ ಎಳೆದಾಡಿತು, ನಿಂತಿತು. ಸುತ್ತ ಕಾಡು, ಜನ ಇಲ್ಲ. ನನಗೆ ಅಳು ಬರುವುದೊಂದು ಬಾಕಿ. ಮಾಮಿ ಇಳಿದು, ಬಾನೆಟ್ ಎತ್ತಿ, ಕೈ ಹಾಕಲಿಲ್ಲ. ಬಗ್ಗಿ ಮೂಸಿದರು!

"ಪೆಟ್ರೋಲ್ ವಾಸನೆ ಉಂಟು. ಅಂದ್ರೆ ಪೆಟ್ರೋಲ್ ಬರ್ತಾ ಉಂಟು" ಅಂದರು. ಆಮೇಲೆ ಕೈ ಹಿಂದಕ್ಕೆ ಕಟ್ಟಿ ಕಣ್ಣು ಓಡಿಸಿದರು. ಇಂಜಿನ್ನಿನ ಬದಿಯಲ್ಲಿ ಲೋಟದಷ್ಟು ದೊಡ್ಡ ಒಂದು ಡಬ್ಬಿ, ಅದರ ಮೇಲೆ ಕಪ್ಪು ಮುಚ್ಚಳ, ಮುಚ್ಚಳದಿಂದ ಐದು ದಪ್ಪ ವಯರು. ಡಿಸ್ಟ್ರಿಬ್ಯೂಟರ್ ಅಂತ ಹೆಸರು. ಮಾಮಿಗೆ ಆ ಹೆಸರು ಬೇಕಾಗಿರಲಿಲ್ಲ, ಬಡಿಸುವವ ಅಂತಲೇ ಕರೆಯುತ್ತಿದ್ದರು. ನನಗೆ ಅವತ್ತು ಅಲ್ಲೇ, ಕಾಡಿನ ನಡುವೆ, ಪಾಠ ಆಯಿತು. ಕಾಯಿಲಿನಲ್ಲಿ ಅಡುಗೆ ಆಗುವುದು, ಅಂದರೆ ಕಿಡಿ ತಯಾರಾಗುವುದು. ನಡುವಿನ ವಯರಿನಲ್ಲಿ ಅದು ಮುಚ್ಚಳಕ್ಕೆ ಬರುತ್ತದೆ. ಮುಚ್ಚಳದ ಒಳಗೆ ರೋಟರ್ ಅಂತ ಒಂದು ಸಣ್ಣ ಕೈ ತಿರುಗುತ್ತಾ, ಸುತ್ತಲಿನ ನಾಲ್ಕು ವಯರಿಗೆ, ಅಂದರೆ ನಾಲ್ಕು ಎಲೆಗೆ, ಕಿಡಿ ಬಡಿಸುತ್ತದೆ. ಸಾಲು ಪ್ರಕಾರ ಅಲ್ಲ, ಒಂದು, ಮೂರು, ನಾಲ್ಕು, ಎರಡು ಅಂತ. "ಪಂಕ್ತಿಭೇದ ಮಾಡುವ ಭಟ್ರ ಹಾಗೆ" ಅಂತ ನಾನು ನಕ್ಕರೆ, "ಭೇದ ಎಂತದ್ದು, ಎಲ್ಲರಿಗೂ ಸಿಗ್ತದೆ, ಹಸಿವಾದವನಿಗೆ ಮೊದಲು" ಅಂದರು.

ಮುಚ್ಚಳ ಬಿಚ್ಚಿದರೆ ಒಳಗೆ ನೀರಿನ ಹನಿ. ನೀರು ಇದ್ದರೆ ಕಿಡಿ ಎಲೆಗೆ ಹೋಗದೆ ನೀರಿನ ದಾರಿ ಹಿಡಿದು ಎಲ್ಲೆಲ್ಲೋ ಹೋಗುತ್ತದಂತೆ. ಮಾಮಿ ಸೆರಗಿನಿಂದ ಒಳಗೆಲ್ಲ ಒರೆಸಿದರು. ಆಮೇಲೆ ಆ ಮುಚ್ಚಳವನ್ನು ಸೀರೆಯ ಒಳಗೆ, ಹೊಟ್ಟೆಗೆ ತಾಗಿಸಿ ಇಟ್ಟುಕೊಂಡು ದಾರಿಬದಿಯ ಕಲ್ಲಿನ ಮೇಲೆ ಕೂತರು. ಬಸುರಿಯ ಹಾಗೆ ಕಾಣುತ್ತಿದ್ದರು. ನಾನು ನಕ್ಕೆ, ಅವರೂ ನಕ್ಕರು. "ಒಲೆ ಎಲ್ಲಿಂದ ತರುದು ಇಲ್ಲಿ? ಮೈ ಬಿಸಿ ಸಾಕು ಅದಕ್ಕೆ." ಇಬ್ಬರೂ ಒಂದೊಂದು ವೀಳ್ಯ ಹಾಕಿ ಉಗಿದು ಮುಗಿಸುವ ಹೊತ್ತಿಗೆ ಮುಚ್ಚಳ ಒಣಗಿ ಬೆಚ್ಚಗಾಗಿತ್ತು. ಸಿಕ್ಕಿಸಿದರು, ಬಲ ಬೊಳ್ಳ ಅಂದರು, ಹಿಡಿಯಿತು. ಕೈ ಎತ್ತಿದರು. ಆ ತೋಡಿನ ಸದ್ದಿನ ನಡುವೆ ಇಂಜಿನ್ನಿನ ಸ್ವರ ಕೇಳಿ, ಹೂಂ...

"ಮೊದಲು ಮೂಗು, ಆಮೇಲೆ ಕಣ್ಣು, ಕಡೆಗೆ ಕೈ" ಅನ್ನುವುದು ಅವರ ಕ್ರಮ. ಮೊದಲೇ ಕೈ ಹಾಕಿದರೆ ಸರಿ ಇದ್ದದ್ದನ್ನೂ ಹಾಳು ಮಾಡುತ್ತೇವೆ ಅಂತ. ನನ್ನ ಹೊಲಿಗೆ ಮೆಷಿನ್ ಕೈಕೊಟ್ಟರೆ ಇವತ್ತಿಗೂ ನಾನು ಮೊದಲು ಬಗ್ಗಿ ಮೂಸುತ್ತೇನೆ. ಕೆಲಸದ ಹುಡುಗಿಯರು ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಇನ್ನು ಕಿಸೆಯ ವಿಷಯ. ಆ ಡಬ್ಬಿಯ ಒಳಗೆ, ರೋಟರಿನ ಅಡಿಯಲ್ಲಿ, ಪಾಯಿಂಟ್ ಅಂತ ಎರಡು ಸಣ್ಣ ಬಿಲ್ಲೆಗಳಿರುತ್ತವೆ. ಅವು ಮುಚ್ಚಿ ತೆರೆದು ಮಾಡುವುದರಿಂದಲೇ ಕಾಯಿಲಿನಲ್ಲಿ ಕಿಡಿ ಹುಟ್ಟುವುದು. ತೆರೆದಾಗ ನಡುವಿನ ಸಂದು ಇಷ್ಟೇ ಇರಬೇಕು ಅಂತ ಲೆಕ್ಕ ಉಂಟು. ಅಳೆಯಲು ಗ್ಯಾರೇಜಿನವರ ಹತ್ತಿರ ತಗಡಿನ ಎಲೆಗಳ ಗೇಜು ಇರುತ್ತದೆ. ಮಾಮಿಯ ಗೇಜು ಮದುವೆ ಕಾಗದ! ಆಗಿನ ಕಾಲದ ಒಳ್ಳೆಯ ಕಾಗದ ಸರಿಯಾಗಿ ಅಷ್ಟೇ ದಪ್ಪ ಇರುತ್ತಿತ್ತು. ತುಂಡನ್ನು ಸಂದಿನಲ್ಲಿ ಎಳೆದರೆ ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು, ತಾಗಿ ತಾಗದ ಹಾಗೆ ಬರಬೇಕು. ನನ್ನ ಮೇಜಿನ ಮೇಲಿನ ರಾಶಿಯಿಂದ ಕಾಗದ ಆರಿಸುವುದು ಮಾಮಿಯೇ, ತಿಕ್ಕಿ ನೋಡಿ. "ಇವ್ರು ಮದುವೆ ಜೋರು ಮಾಡ್ತಾರೆ, ಕಾಗದ ದಪ್ಪ. ನಮಗೆ ಬೇಡ." ಎಷ್ಟೋ ಮದುಮಕ್ಕಳ ಹೆಸರು ಮಾಮಿಯ ಕಾರಿನ ಪಾಯಿಂಟಿನಲ್ಲಿ ಹೋಗಿ ಬಂದಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ.

ಇಷ್ಟೆಲ್ಲ ಚಂದ ನಡೆಯುತ್ತಿರುವಾಗ ಕೆದಂಬಾಡಿಯ ಮಾವನಿಗೆ ಮಾತ್ರ ಸಮಾಧಾನ ಇರಲಿಲ್ಲ. ಅವರು ಕೆಟ್ಟವರಲ್ಲ, ಆ ಮಾತು ಮೊದಲೇ ಹೇಳುತ್ತೇನೆ. ಅಣ್ಣನ ಹೆಂಡತಿ ಖಾಕಿ ಹಾಕಿ ಬಾಡಿಗೆ ಓಡಿಸುವುದು ಅವರಿಗೆ ಮುಳ್ಳು ಚುಚ್ಚಿದ ಹಾಗೆ. "ನಮ್ಮಲ್ಲಿಗೆ ಬನ್ನಿ ಅತ್ತಿಗೆ, ಕೆದಂಬಾಡಿಯಲ್ಲಿ ಮನೆ ಉಂಟು, ತೋಟ ಉಂಟು. ನೀವು ಕೂತು ಊಟ ಮಾಡಿ ಸಾಕು" ಅಂತ ಬಂದಾಗಲೆಲ್ಲ ಹೇಳುತ್ತಿದ್ದರು. ಮಾಮಿಗೆ ಆ ಕೂತು ಊಟ ಮಾಡುವ ಮಾತೇ ಆಗದು. ಒಮ್ಮೆ ಅವರು ಹೋದ ಮೇಲೆ ನನ್ನ ಹತ್ತಿರ ಹೇಳಿದ್ದರು: "ಅವ್ರು ಒಳ್ಳೆಯವ್ರೇ. ಆದ್ರೆ ಅಲ್ಲಿ ಹೋದ್ರೆ ನಾನು ಕಿಟಕಿಯ ಹತ್ತಿರ ಕೂತುಕೊಳ್ಳುವ ಅತ್ತಿಗೆ. ಇಲ್ಲಿ ನಾನು ಕಾರಿನವಳು." ಮಾಮಿಯ ಕಣ್ಣಲ್ಲಿ ನೀರು ನೋಡಿದ್ದು ಅವತ್ತೊಂದೇ ಸಲ.

ಒಂದು ವರ್ಷ ಮಳೆಗಾಲದಲ್ಲಿ ಬೊಳ್ಳ ಆಗಾಗ ದಾರಿಯಲ್ಲಿ ನಿಂತಿತ್ತು. ಸುದ್ದಿ ಕೆದಂಬಾಡಿಗೆ ಮುಟ್ಟಿತು. ಆಯುಧ ಪೂಜೆಯ ಬೆಳಿಗ್ಗೆ ಮಾವ ಬಸ್ಸಿಳಿದು ಕೊಡೆ ಹಿಡಿದು ಬಂದವರೇ, ಪುತ್ತೂರಿನ ಗುಜರಿಯವನ ಹತ್ತಿರ ಮಾತಾಡಿ ಆಗಿದೆ, ಹಬ್ಬ ಕಳೆದ ಕೂಡಲೇ ಅವನು ಬರ್ತಾನೆ ಅಂದುಬಿಟ್ಟರು. ಓಣಿಯವರೆಲ್ಲ ಪೂಜೆಗೆ ಸೇರಿದ್ದರು, ಎಲ್ಲರೆದುರು ಅಂದದ್ದು. ಮಾಮಿಗೆ ಎಲ್ಲಿತ್ತೋ ಸಿಟ್ಟು! ಕೀಯ ಗೊಂಚಲನ್ನು ಮೇಲೆತ್ತಿ ಹಿಡಿದರು.

"ನೋಡಿ, ಎಲ್ಲರೂ ಇದ್ದೀರಿ. ಈಗ ಪೂಜೆ ಆಗ್ತದೆ. ನನ್ನ ಬೊಳ್ಳ ತಾನಾಗಿ ಸ್ಟಾರ್ಟ್ ಆಗಿ ನಾಲ್ಕು ಲಿಂಬೆಹಣ್ಣು ಒಡೆದು ಮುಂದೆ ಹೋಗದಿದ್ರೆ, ಈ ಕೀ ನಿಮ್ಮ ಕೈಗೆ. ನಾನು ಪೆಟ್ಟಿಗೆ ಕಟ್ಟಿ ನಿಮ್ಮೊಟ್ಟಿಗೆ ಬರ್ತೇನೆ. ಒಡೆದ್ರೆ ಮತ್ತೆ ಗುಜರಿ ಅನ್ನುವ ಮಾತು ನಿಮ್ಮ ಬಾಯಲ್ಲಿ ಬರ್ಲಿಕ್ಕಿಲ್ಲ."

"ಆಯ್ತು" ಅಂದರು ಮಾವ.

ಮಾಮಿಗೆ ಧೈರ್ಯ ಯಾಕೆ ಅಂದರೆ, ಹಿಂದಿನ ದಿನವಷ್ಟೇ ಹೊಸ ಪಾಯಿಂಟ್ ಹಾಕಿ, ಕಾಗದದಲ್ಲಿ ಗ್ಯಾಪ್ ಇಟ್ಟು, ಒಂದೇ ಹೊಡೆತಕ್ಕೆ ಸ್ಟಾರ್ಟ್ ಮಾಡಿ ನೋಡಿದ್ದರು. ನಾನೂ ಇದ್ದೆ. ಹೂಂ ಕೂಡ ಬಂದಿತ್ತು.

ಪೂಜೆ ಚಂದ ಆಯಿತು. ತೊಳೆದ ಕಾರಿಗೆ ಸೇವಂತಿಗೆ ಮಾಲೆ, ಬಾನೆಟ್ ಎತ್ತಿ ಇಂಜಿನ್ನಿಗೆ ಕೇಪುಳ ಹೂ. ದೇವಸ್ಥಾನದಿಂದ ಬಾಳೆ ಎಲೆಯಲ್ಲಿ ತಂದ ಗಂಧವನ್ನು ಮಾಮಿ ಒಂದೊಂದೇ ಕಡೆ ಹಚ್ಚಿದರು. ಬ್ಯಾಟರಿಗೆ, ಸ್ಟೇರಿಂಗಿಗೆ, ಚಕ್ರಗಳಿಗೆ. ಆಮೇಲೆ ಆರತಿ, ತೆಂಗಿನಕಾಯಿ, ಎಲ್ಲರ ಕೈಗೆ ಅವಲಕ್ಕಿ ಬೆಲ್ಲ. ನಾಲ್ಕು ಚಕ್ರದ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟಾಯಿತು. ಮಾಮಿ ಸೀಟಿನಲ್ಲಿ ಕೂತು, ಬಲ ಬೊಳ್ಳ, ಪೋಯಿ ಅಂದರು. ಸೆಲ್ಫ್ ಹೊಡೆದರು.

ಇಂಜಿನ್ ತಿರುಗಿತು, ಹಿಡಿಯಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಅವಲಕ್ಕಿ ತಿನ್ನುತ್ತಿದ್ದವರ ಬಾಯಿ ನಿಂತಿತು. ಪೂಜೆ ಆದ ಗಾಡಿ ಲಿಂಬೆಹಣ್ಣಿನ ಮುಂದೆ ನಿಂತುಬಿಟ್ಟರೆ ಜನ ಏನೆಲ್ಲ ಹೇಳುತ್ತಾರೆ ಅಂತ ನಿಮಗೇ ಗೊತ್ತುಂಟು. ಯಾರೋ ಪಿಸುಗುಟ್ಟಿದರು ಕೂಡ.

ಮಾಮಿ ಇಳಿದು ಬಂದು, ನಾನು ಎಂದೂ ನೋಡದ ಕೆಲಸ ಮಾಡಿದರು. ಮೂಸಲಿಲ್ಲ, ನೋಡಲಿಲ್ಲ, ಸೀದಾ ಕೈ ಹಾಕಿದರು! ನಿನ್ನೆ ಮುಟ್ಟಿದ್ದು ಪಾಯಿಂಟ್, ಹಾಗಾಗಿ ತಪ್ಪು ಅಲ್ಲೇ ಆಗಿರಬೇಕು ಅಂತ ಅವರ ತಲೆಗೆ ಹೊಕ್ಕಿತ್ತು. ಮುಚ್ಚಳ ತೆಗೆದು, ಕಿಸೆಯಿಂದ ಕಾಗದದ ತುಂಡು ತೆಗೆದು ಎಳೆದು ನೋಡಿದರು. ಗ್ಯಾಪ್ ಸರಿ ಇತ್ತು. ಮತ್ತೆ ಎಳೆದರು. ಮತ್ತೂ ಸರಿ. ಮೂರನೆಯ ಸಲ ಎಳೆಯಲು ಹೊರಟರು.

"ಮಾಮಿ, ಮೂಗು" ಅಂದೆ ಮೆಲ್ಲಗೆ.

ನನ್ನನ್ನು ದುರುಗುಟ್ಟಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಾಗದದ ತುಂಡನ್ನು ಕಿಸೆಗೆ ಹಾಕಿ, ಕೈ ಒರೆಸಿ, ಎರಡು ಹೆಜ್ಜೆ ಹಿಂದೆ ನಿಂತು ಉಸಿರು ಎಳೆದುಕೊಂಡರು. "ಕ್ರಮ ತಪ್ಪಿತು. ಮೊದಲಿನಿಂದ ಮಾಡುವ" ಅಂದರು, ಎಲ್ಲರಿಗೂ ಕೇಳುವ ಹಾಗೆ.

ಮೂಸಿದರು. ಪೆಟ್ರೋಲ್ ಉಂಟು. ನನ್ನನ್ನು ಸೀಟಿನಲ್ಲಿ ಕೂರಿಸಿ, ನಡುವಿನ ದಪ್ಪ ವಯರನ್ನು ಮುಚ್ಚಳದಿಂದ ಎಳೆದು, ಒಣ ಬಟ್ಟೆಯಲ್ಲಿ ಹಿಡಿದು ತುದಿಯನ್ನು ಇಂಜಿನ್ನಿನ ಕಬ್ಬಿಣದ ಹತ್ತಿರ ಇಟ್ಟು, ಸೆಲ್ಫ್ ಹೊಡಿ ಅಂದರು. ಟಕ್ ಟಕ್ ಅಂತ ಒಳ್ಳೆಯ ನೀಲಿ ಕಿಡಿ ಹಾರಿತಂತೆ. ಅಂದರೆ ಕಾಯಿಲ್, ಪಾಯಿಂಟ್ ಎಲ್ಲ ಸರಿ. ಆ ವಯರನ್ನು ವಾಪಸ್ ಸಿಕ್ಕಿಸಿ, ಪ್ಲಗ್ಗಿನ, ಅಂದರೆ ಎಲೆಯ ಕಡೆಯ, ಒಂದು ವಯರು ಎಳೆದು ಹಾಗೆಯೇ ಹಿಡಿದರು. ಹೊಡಿ ಅಂದರು, ಹೊಡೆದೆ. ಅಲ್ಲಿ ಕಿಡಿಯೇ ಇಲ್ಲ.

"ಅಡುಗೆ ಆಗಿದೆ, ಎಲೆಗೆ ಬರುದಿಲ್ಲ" ಅಂದರು. "ಬಡಿಸುವವನಲ್ಲೇ ತೊಂದರೆ."

ಮುಚ್ಚಳ ಮತ್ತೆ ಬಿಚ್ಚಿ ಒಳಗೆ ನೋಡಿದರು. ಕಾರು ತೊಳೆದ ನೀರು ಹೋಗಿರಬಹುದೇ? ಒಳಗೆ ಒಣಗಿಕೊಂಡೇ ಇತ್ತು. ಬಿರುಕು ಇಲ್ಲ. ನಡುವಿನ ಕರಿಯ ಕಡ್ಡಿ ಸರಿ ಉಂಟು. ರೋಟರ್ ಸರಿ ಉಂಟು. ಆದರೂ ಒರೆಸಿದರು, ವಯರುಗಳನ್ನು ಒರೆಸಿದರು, ಮುಚ್ಚಳದ ಹೊರಗೂ ಬೆರಳಾಡಿಸಿ ಒರೆಸಿದರು. ಮತ್ತೆ ಹಾಕಿದರು. ಹಿಡಿಯಲಿಲ್ಲ. ಈಗ ಬ್ಯಾಟರಿಯೂ ಸೋಲುತ್ತಾ ಬಂದು ಸೆಲ್ಫ್ ಕುಂಯ್ ಅನ್ನತೊಡಗಿತು. ಇನ್ನು ಜಾಸ್ತಿ ಸಲ ಹೊಡೆಯುವ ಹಾಗಿಲ್ಲ ಅಂತ ನನಗೂ ತಿಳಿಯಿತು.

"ಎಲ್ಲ ಸೇರಿ ದೂಡಿ ಲಿಂಬೆಹಣ್ಣು ಒಡೆಸಿ ಬಿಡುವ ಮಾರಾಯ್ರೆ" ಅಂತ ಓಣಿಯ ಒಬ್ಬರು ಹೇಳಿದರು. ಮಾವ ಕೂಡ, "ಆಯ್ತು, ದೂಡಿ" ಅಂದರು. ಅವರಿಗೆ ಮಾಮಿಯ ಮುಖ ನೋಡಿ ಪಾಪ ಅನಿಸಿರಬೇಕು. ಮಾಮಿ ತಲೆ ಆಡಿಸಿದರು.

"ಬೇಡ. ದೂಡಿದ್ರೆ ಅದು ನೀವು ಒಡೆದದ್ದು, ಬೊಳ್ಳ ಒಡೆದದ್ದಲ್ಲ. ನಾನು ಹೇಳಿದ್ದು ತಾನಾಗಿ ಅಂತ."

ಸೋತು ಹೋಗುತ್ತಿರುವಾಗಲೂ ಮೋಸಕ್ಕೆ ಒಪ್ಪದ ಆ ಹೆಂಗಸನ್ನು ನೋಡಿ ನನಗೆ ಹೆಮ್ಮೆ ಆಯಿತು.

ಆಮೇಲೆ ಮಾಮಿಗೆ ಒಂದು ಉಪಾಯ ಹೊಳೆಯಿತು. ಕಿಡಿ ಎಲೆಗೆ ಬರದಿದ್ದರೆ ಬೇರೆಲ್ಲಿಗೋ ಹೋಗುತ್ತಾ ಇರಬೇಕು. ಹೋಗುವುದು ಹಗಲು ಕಾಣುವುದಿಲ್ಲ, ಕತ್ತಲಾಗಬೇಕು. "ನಿನ್ನ ಅಂಗಡಿಯಲ್ಲಿ ಕರಿ ಲೈನಿಂಗ್ ಬಟ್ಟೆ ಉಂಟಲ್ಲ, ತಾ" ಅಂದರು. ಓಡಿ ಹೋಗಿ ತಂದೆ. ಮಾವನ ಕೈಯ ಕರಿ ಕೊಡೆ ಕೇಳಿದರು. ಮಾವ ಏನು ಎತ್ತ ಅಂತ ಕೇಳದೆ ಕೊಡೆ ಬಿಡಿಸಿ ಇಂಜಿನ್ನಿನ ಮೇಲೆ ಹಿಡಿದರು. ಅದರ ಮೇಲೆ ಲೈನಿಂಗ್ ಬಟ್ಟೆ ಹೊದಿಸಿದ್ದಾಯಿತು. ಮಾಮಿ, ಮಾವ, ಇಬ್ಬರ ತಲೆಯೂ ಬಟ್ಟೆಯ ಒಳಗೆ ಹೋಯಿತು. ನಾನು ಸೀಟಿನಲ್ಲಿ ಕೂತು ದೇವರ ಹೆಸರು ಹೇಳಿ ಕೀ ತಿರುಗಿಸಿದೆ.

ಬಟ್ಟೆಯ ಒಳಗಿಂದ ಕೂಗಿದ್ದು ಮಾಮಿ ಅಲ್ಲ, ಮಾವ.

"ಅತ್ತಿಗೆ, ಅಲ್ಲಿ! ಅಲ್ಲಿ ನೋಡಿ, ಗಂಧದಲ್ಲಿ! ನಿಮ್ಮ ಗಂಧದಲ್ಲಿ ಓಡ್ತಾ ಉಂಟು!"

ನಾನು ಹಾರಿ ಇಳಿದೆ. ಮಾಮಿ ಬಟ್ಟೆಯಿಂದ ಹೊರಗೆ ಬಂದು ಮುಚ್ಚಳವನ್ನೇ ನೋಡುತ್ತಿದ್ದರು. ಆಗಿದ್ದು ಇಷ್ಟು. ಪೂಜೆಯ ಹೊತ್ತಿಗೆ ಅವರು ಎಲ್ಲ ಕಡೆ ಬೊಟ್ಟು ಇಟ್ಟರೆ, ಡಿಸ್ಟ್ರಿಬ್ಯೂಟರಿಗೆ ಮಾತ್ರ ಪ್ರೀತಿ ಹೆಚ್ಚಾಗಿ, ಮುಚ್ಚಳದ ನಡುವಿನಿಂದ ಕೆಳಗಿನ ಕಬ್ಬಿಣದ ಕ್ಲಿಪ್ಪಿನವರೆಗೆ ಉದ್ದಕ್ಕೆ ಗಂಧದ ನಾಮ ಎಳೆದು ಕುಂಕುಮ ಇಟ್ಟಿದ್ದರು. ಹಸಿ ಗಂಧ. ಕಾಯಿಲಿನಿಂದ ಬಂದ ಕಿಡಿಯೆಲ್ಲ ಎಲೆಗೆ ಹೋಗದೆ, ಆ ಹಸಿ ದಾರಿಯಲ್ಲಿ ಇಳಿದು ಕಬ್ಬಿಣಕ್ಕೆ ಸೇರಿ ಹೋಗುತ್ತಿತ್ತು. ಅಷ್ಟು ಸಲ ಮುಚ್ಚಳ ಬಿಚ್ಚಿ, ಹಾಕಿ, ಒರೆಸಿದರಲ್ಲ, ಗಂಧಕ್ಕೆ ಮಾತ್ರ ಬೆರಳು ತಾಗಿಸಿರಲಿಲ್ಲ. ದೇವರ ಗಂಧವನ್ನು ಯಾರು ಒರೆಸುತ್ತಾರೆ? ಸುತ್ತು ಹಾಕಿ ಒರೆಸಿದ್ದರು. ಕಣ್ಣಿಗೆ ಕಂಡರೂ ಅದು ಕೊಳೆ ಅಂತ ಕಾಣುವುದಿಲ್ಲ ನಮಗೆ.

ಮಾಮಿ ತಪ್ಪನ್ನು ಬೇರೆ ಯಾರ ಮೇಲೂ ಹಾಕಲಿಲ್ಲ, ಶಕುನ ಅನ್ನಲಿಲ್ಲ, ದೃಷ್ಟಿ ಅನ್ನಲಿಲ್ಲ. "ನಾನೇ ಮಾಡಿದ್ದು ಮಾರಾಯ್ರೆ!" ಅಂತ ಹಣೆ ಚಚ್ಚಿಕೊಂಡು ಓಣಿ ಇಡೀ ಕೇಳುವ ಹಾಗೆ ನಕ್ಕರು. ಮತ್ತೆ ಕಣ್ಣು ಮುಚ್ಚಿ ಕೈ ಮುಗಿದು, ತಪ್ಪಾಯ್ತು ಅಂತ ಮೆಲ್ಲಗೆ ಹೇಳಿ, ಆ ಗಂಧವನ್ನು ಬೆರಳಿನಿಂದ ಪೂರ್ತಿ ತೆಗೆದು ತನ್ನ ಹಣೆಗೆ ಹಚ್ಚಿಕೊಂಡರು. ವಿಧವೆಯ ಹಣೆ ಅಂತ ಮೂಗು ಮುರಿಯುವವರು ಅಲ್ಲಿದ್ದರು. ಮಾಮಿ ಅವರ ಕಡೆ ನೋಡಲೂ ಇಲ್ಲ. ಗಂಧಕ್ಕೆ ಸ್ವಲ್ಪ ಗ್ರೀಸು ಸೇರಿ ಹಣೆಯಲ್ಲಿ ಕಪ್ಪು ಹಳದಿ ಪಟ್ಟೆ. ಮುಚ್ಚಳ ಒಣಗಿಸಿ, ತಾನೇ ಸೀಟಿನಲ್ಲಿ ಕೂತರು.

ಸೆಲ್ಫ್ ನರಳಿತು. ಹಿಡಿಯಿತು!

ಮಾಮಿ ಕೈ ಎತ್ತಿದರು. ಓಣಿ ಸ್ತಬ್ಧ. ಮಾವ ಬಿಡಿಸಿದ ಕೊಡೆಯನ್ನು ಮಡಿಸಲು ಮರೆತು ನಿಂತಿದ್ದರು. ಇಂಜಿನ್ ಎರಡು ಸಲ ತೊದಲಿ ಒಂದೇ ಸಮ ಆಯಿತು. ಹೂಂ ಅಂದರು. ಆಮೇಲೆ ಬೊಳ್ಳ ಲಿಂಬೆಹಣ್ಣುಗಳನ್ನು ಪಟ್ ಪಟ್ ಅಂತ ಒಡೆದು ಶೆಡ್ಡಿನಿಂದ ಹೊರಗೆ ಬಂದ.

ಮಾವ ಮಾತಿಗೆ ತಪ್ಪುವವರಲ್ಲ. ಗುಜರಿ ಅನ್ನುವ ಶಬ್ದ ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಅವತ್ತು ಅವರು ಕೆದಂಬಾಡಿಗೆ ಹೋದದ್ದು ಬೊಳ್ಳನ ಮುಂದಿನ ಸೀಟಿನಲ್ಲಿ ಕೂತು. ಪ್ರತಿ ವರ್ಷ ಆಯುಧ ಪೂಜೆಗೆ ಬರುವುದು ಅವರಿಗೊಂದು ವ್ರತದ ಹಾಗೆ ಆಯಿತು. ಬಂದವರು ಮೊದಲು ಬಾನೆಟಿನ ಒಳಗೆ ಇಣುಕಿ, "ಗಂಧ ತಾಗಿಸ್ಲಿಲ್ಲ ಅಲ್ವಾ ಅತ್ತಿಗೆ?" ಅಂತ ಕೇಳಲೇಬೇಕು, ಮಾಮಿ "ನೀವು ಗುಜರಿಯವನನ್ನು ಕರ್ಕೊಂಡು ಬರ್ಲಿಲ್ಲ ಅಲ್ವಾ?" ಅಂತ ತಿರುಗಿಸಿ ಕೊಡಲೇಬೇಕು.

ಕಾರು ಬಿಟ್ಟದ್ದೂ ಮಾಮಿ ತಾನಾಗಿಯೇ. ಒಂದು ದಿನ ಬಂದು, "ನನ್ನ ಕಣ್ಣಿಗೆ ದಾರಿಬದಿಯ ಮಕ್ಕಳು ಸರಿ ಕಾಣುದಿಲ್ಲ. ಇನ್ನು ಓಡಿಸುದು ತಪ್ಪು" ಅಂದರು. ಶೆಡ್ಡಿನ ಬಾಗಿಲು ಹಾಕಿಕೊಂಡು ಒಳಗೆ ತುಂಬಾ ಹೊತ್ತು ಏನೋ ಮಾಡುತ್ತಿದ್ದರು. ಒಬ್ಬರೇ ಇರಲಿ ಅಂತ ನಾನು ಹೋಗಲಿಲ್ಲ. ಖಾಕಿ ಅಂಗಿ ತೊಳೆದು ಮಡಿಸಿ ನನಗೆ ಕೊಟ್ಟರು. ಆಮೇಲಿನ ವರ್ಷಗಳಲ್ಲಿ ನನ್ನ ಅಂಗಡಿಯ ಸ್ಟೂಲಿನಲ್ಲಿ ಕೂತು, ದಾರಿಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿ, ಇದಕ್ಕೆ ಇಂಥದ್ದು ಆಗಿದೆ ಅಂತ ಹೇಳುವುದೇ ಅವರ ಕೆಲಸ. ಕೂತು ಊಟ ಮಾಡುವುದು ಅವರಿಗೆ ಕಡೆಯವರೆಗೂ ಬರಲಿಲ್ಲ. ಅವರು ಹೋಗಿ ಈಗ ಕೆಲವು ವರ್ಷ ಆಯಿತು... ಆ ಸ್ಟೂಲು ನಾನು ಯಾರಿಗೂ ಸುಲಭದಲ್ಲಿ ಕೊಡುವುದಿಲ್ಲ.

ಈಗ ಮಾವ ಬಂದ ಇನ್ನೊಂದು ಕೆಲಸದ ವಿಷಯ. ಮದುವೆ ಅವರ ಮೊಮ್ಮಗಳದ್ದು. ಹುಡುಗಿಗೆ ಛತ್ರಕ್ಕೆ ದೊಡ್ಡಜ್ಜಿಯ, ಅಂದರೆ ಮಾಮಿಯ, ಕಾರಿನಲ್ಲೇ ಬರಬೇಕಂತೆ, ಬೇರೆ ಕಾರು ಬೇಡವಂತೆ. ಗ್ಯಾರೇಜಿನ ಹುಡುಗ ಶೆಡ್ಡಿಗೇ ಬಂದು ಟಯರು, ಬ್ರೇಕು, ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಎಲ್ಲ ಚಂದ ಮಾಡಿದ್ದಾನೆ. ಕಿಡಿ ಮಾತ್ರ ಇಲ್ಲ. ಆ ಡಬ್ಬಿ ಪೂರ್ತಿ ತೆಗೆದು ಹೊಸ ನಮೂನೆಯದ್ದು ಹಾಕುವ ಅಂದನಂತೆ. ಮಾವ ಕೇಳಿದ್ದು, "ತೆಗೆಯುವ ಮೊದಲು ನೀನೊಮ್ಮೆ ಮೂಸಿ ನೋಡ್ತೀಯಾ?"

ಹೋದೆ. ಮಾವ ಕೊಡೆ ಊರಿಕೊಂಡು ಬಂದರು, ಮದುಮಗಳೂ ಬಂದಿದ್ದಳು. ಬಾನೆಟ್ ಎತ್ತಿದೆ. ಮೂಗು, ಕಣ್ಣು, ಆಮೇಲೆ ಕೈ. ಮುಚ್ಚಳ ತೆಗೆದೆ, ರೋಟರ್ ತೆಗೆದೆ. ಎಲ್ಲ ಎಣ್ಣೆಯ ಕಂದು ಬಣ್ಣಕ್ಕೆ ತಿರುಗಿತ್ತು. ಪಾಯಿಂಟಿನ ಎರಡು ಬಿಲ್ಲೆಗಳ ನಡುವೆ ಅದೇ ಕಂದು ಬಣ್ಣದ ಏನೋ ಇದ್ದ ಹಾಗೆ ಕಂಡಿತು. ಸೂಜಿಯ ಮೊನೆಯಿಂದ ಮೆಲ್ಲಗೆ ಎಳೆದೆ. ಬಂತು, ಬಿಗಿಯೂ ಇಲ್ಲದೆ, ಸಡಿಲವೂ ಇಲ್ಲದೆ.

ಮದುವೆ ಕಾಗದದ ತುಂಡು. ಒಂದು ಬದಿಯಲ್ಲಿ ಕೆಂಪು ಅಕ್ಷರದಲ್ಲಿ ಚಿ.ಸೌ. ಅಂತ ಉಳಿದಿತ್ತು, ಯಾವ ಮದುಮಗಳೋ ಏನೋ.

ತುಂಬಾ ದಿನ ನಿಲ್ಲಿಸುವ ಕಾರಿನ ಪಾಯಿಂಟ್ ಒಂದಕ್ಕೊಂದು ತಾಗಿ ತುಕ್ಕು ಹಿಡಿಯಬಾರದು ಅಂತ ನಡುವೆ ಕಾಗದ ಇಡುವುದು ಮಾಮಿಯ ಕ್ರಮ. ಅದು ಇದ್ದರೆ ಕಿಡಿ ಬರುವುದಿಲ್ಲ, ಹುಡುಗ ಹುಡುಕುತ್ತಿದ್ದ ತಪ್ಪು ಅಷ್ಟೇ. ಆದರೆ ಇನ್ನು ಓಡಿಸುವುದಿಲ್ಲ ಅಂತ ತಾನೇ ನಿಶ್ಚಯಿಸಿದ ದಿನ, ಕಣ್ಣು ಸರಿ ಕಾಣದ ಆ ಹೆಂಗಸು ಶೆಡ್ಡಿನ ಬಾಗಿಲು ಹಾಕಿಕೊಂಡು, ತಡವಿ ತಡವಿ ಇದನ್ನು ಇಟ್ಟಿದ್ದರು. ಮತ್ತೆ ಓಡುವ ಕಾರಿಗೆ ಮಾತ್ರ ಹಾಗೆ ಮಾಡುವುದು. ಗುಜರಿಗೆ ಹೋಗುವ ಕಾರಿಗೆ ಯಾರೂ ಮಾಡುವುದಿಲ್ಲ.

ಕಣ್ಣು ಒರೆಸಿಕೊಂಡು, ಪಾಯಿಂಟ್ ಒರೆಸಿ, ಅದೇ ತುಂಡಿನಲ್ಲಿ ಗ್ಯಾಪ್ ನೋಡಿ, ಎಲ್ಲ ವಾಪಸ್ ಹಾಕಿದೆ. ಮಾವ ಬಾನೆಟಿನ ಒಳಗೆ ಇಣುಕಿದರು. "ಗಂಧ ತಾಗಿಸ್ಲಿಲ್ಲ ಅಲ್ವಾ?" ಅಂದರು. ನಾನು ಸೀಟಿನಲ್ಲಿ ಕೂತು, ಬಲ ಬೊಳ್ಳ, ಪೋಯಿ ಅಂದು ಕೀ ತಿರುಗಿಸಿದೆ.

ಹಿಡಿಯಿತು. ನನಗೆ ಗೊತ್ತಿಲ್ಲದೆಯೇ ನನ್ನ ಕೈ ಮೇಲೆ ಹೋಯಿತು. ಎಲ್ಲರೂ ಸುಮ್ಮನಾದರು. ಇಂಜಿನ್ ತೊದಲಿತು, ಸುಧಾರಿಸಿಕೊಂಡಿತು, ಒಂದೇ ಸಮ ಆಯಿತು. ಆದರೂ ನಾವು ಕಾಯುತ್ತಾ ಇದ್ದೆವು, ಮಾವನೂ ನಾನೂ, ಯಾರೋ ಇನ್ನೂ ಹೇಳಲಿಕ್ಕೆ ಬಾಕಿ ಉಂಟು ಅನ್ನುವ ಹಾಗೆ. ಕಡೆಗೆ ಮಾವನೇ ಕೊಡೆಯ ತುದಿಯಿಂದ ನೆಲಕ್ಕೆ ಕುಟ್ಟಿ, "ಹೂಂ ಹೇಳು ಮಾರಾಯ್ತಿ, ಎಷ್ಟು ಹೊತ್ತು ನಿಲ್ಲುದು?" ಅಂದರು.